ಇಂಗ್ಲೆಂಡಿಗೆ ಹೋಗುವ ಮುಂಚೆ ಮಾನ್ವಿಗೆ

ನಮ್ಮ ಮನೆಯ ದೇವರ ಜಗಲಿಯ ಮೇಲೆ ಒಂದು ಚಹಾ ಕಪ್ಪಿದೆ. ಬಿಳಿ ಮೈ, ಅಂಚಿಗೆ ಸಣ್ಣ ನೀಲಿ ಹೂಗಳ ಸಾಲು. ಹಿಡಿಕೆ ಮುರಿದಿದೆ. ಬುಡ ತಿರುವಿ ನೋಡಿದರೆ ಕಾರ್ಖಾನೆಯ ಹೆಸರು ಅಳಿಸಿಹೋಗಿದೆ. ‘ಬೋನ್ ಚೈನಾ, ಮೇಡ್ ಇನ್ ಇಂಗ್ಲೆಂಡ್’ ಎಂಬ ಇಂಗ್ಲಿಷ್ ಅಕ್ಷರಗಳಷ್ಟೇ ಉಳಿದಿವೆ. ಮುರಿದ ಕಪ್ಪಿಗೆ ದೇವರ ಪಕ್ಕದಲ್ಲಿ ಯಾಕೆ ಜಾಗ ಎಂದು ಮನೆಗೆ ಬಂದವರು ಕೇಳುತ್ತಾರೆ. ಅದು ನಮ್ಮಪ್ಪನ ಕಪ್ಪು.

ನಮ್ಮಪ್ಪ ದೇವದುರ್ಗ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಕುಂಬಾರ. ಅವನು ಹರೆಯದಲ್ಲಿದ್ದಾಗ ರಾಯಚೂರು ಸೀಮೆಯೆಲ್ಲ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ದೇವದುರ್ಗದಲ್ಲಿದ್ದ ಒಬ್ಬ ಅಧಿಕಾರಿಯ ಮನೆಗೆ ಅಪ್ಪ ಪ್ರತಿ ಬೇಸಿಗೆಗೂ ನೀರಿನ ಗಡಿಗೆ ಕೊಡುತ್ತಿದ್ದ. ಒಂದು ವರ್ಷ ಆ ಮನೆಯ ಅಮ್ಮನವರು ಹಿಡಿಕೆ ಮುರಿದ ಈ ಕಪ್ಪನ್ನು ಹೊರಗೆ ಎಸೆಯುವುದರಲ್ಲಿದ್ದರು. ಅಪ್ಪ ಕೇಳಿ ತಂದ. ಅದರಲ್ಲಿ ಅವನು ಒಂದು ದಿನವೂ ಚಹಾ ಕುಡಿಯಲಿಲ್ಲ. ಕೆಲಸ ಮುಗಿದ ಮೇಲೆ ಕಪ್ಪನ್ನು ಬಿಸಿಲಿಗೆ ಹಿಡಿದು ಅದರ ಹಿಂದೆ ಬೆರಳಿಡುತ್ತಿದ್ದ. ಬೆರಳಿನ ನೆರಳು ಈಚೆ ಕಾಣುತ್ತಿತ್ತು.

“ಮಣ್ಣೊಳಗಿಂದ ಬೆರಳು ಕಾಣ್ತದಲ್ಲೋ! ಹ್ಯಾಂಗ ಮಾಡ್ಯಾರ ಇದನ್ನ?” ಎನ್ನುತ್ತಿದ್ದ.

ಬದುಕಿರುವ ತನಕ ಅಪ್ಪ ಈ ಪ್ರಶ್ನೆ ಕೇಳುತ್ತಲೇ ಇದ್ದ. ಓದಿ ಮಾಸ್ತರಾದ ನಾನು ಉತ್ತರ ಹುಡುಕುವ ಗೋಜಿಗೆ ಹೋಗಲಿಲ್ಲ.

ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಬರ್ಮಿಂಗ್‌ಹ್ಯಾಮ್‌ನಿಂದ ಮಗಳ ಫೋನ್ ಬಂತು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಅವಳು ನರ್ಸ್. “ಅಪ್ಪಾ, ಈ ಸಲ ನೀನೂ ಅವ್ವಾನೂ ಬರಬೇಕು. ಟಿಕೆಟ್ ನಾ ತೆಗಸ್ತೀನಿ. ಏನೇನು ನೋಡ್ತೀರಿ ಹೇಳ್ರಿ. ಲಂಡನ್ ಸೇತುವೆ? ರಾಣಿ ಅರಮನೆ?” ಎಂದಳು. ನನ್ನ ಕಣ್ಣು ಜಗಲಿಯ ಕಡೆ ಹೋಯಿತು. “ಕಪ್ಪು ಬಸಿ ಮಾಡೋ ಕಾರ್ಖಾನೆ ನೋಡಬೇಕವ್ವಾ” ಎಂದುಬಿಟ್ಟೆ.

ಅಂದಿನಿಂದ ನಮ್ಮ ಪ್ರವಾಸದ ಮ್ಯಾನೇಜರ್ ಆದವಳು ನನ್ನ ಮೊಮ್ಮಗಳು, ಮಗನ ಮಗಳು. ಓದುವುದು ಏಳನೇ ತರಗತಿ. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತೇವೆ. ಟಿಕೆಟ್ ಇಬ್ಬರಿಗೇ, ತಾನು ಹೋಗುತ್ತಿಲ್ಲ ಎಂದು ಗೊತ್ತಿದ್ದರೂ ಅವಳ ಉತ್ಸಾಹ ಕಡಿಮೆಯಾಗಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಬರೆದಳು: ‘ಹೋಗುವವರು: ಅಜ್ಜ, ನಿವೃತ್ತ ಶಿಕ್ಷಕರು. ಅಜ್ಜಿ, ಮನೆಯ ಯಜಮಾನಿ.’ ಮೊದಲ ಕೆಲಸವೆಂದು ಕಪ್ಪಿನ ಬುಡದ ಅಕ್ಷರಗಳನ್ನು ಓದಿಕೊಂಡಳು.

“ಅಜ್ಜಾ, ಬೋನ್ ಅಂದ್ರ ಎಲುಬಲ್ಲ?”

ಹೌದು, ಎಲುಬೇ. ಪುಸ್ತಕ ತಿರುವಿ, ಮಗಳನ್ನು ಕೇಳಿ ನಾವಿಬ್ಬರೂ ತಿಳಿದುಕೊಂಡದ್ದು ಇಷ್ಟು. ನುಣುಪಾದ ಬಿಳಿ ಪಿಂಗಾಣಿಯನ್ನು ಮೊದಲು ಮಾಡಿದವರು ಚೀನಾದವರು. ಅದಕ್ಕೇ ಇಂಗ್ಲಿಷಿನಲ್ಲಿ ಅದರ ಹೆಸರು ‘ಚೈನಾ’. ಸಾವಿರಕ್ಕೂ ಹೆಚ್ಚು ವರ್ಷ ಅದರ ಗುಟ್ಟು ಯುರೋಪಿನವರಿಗೆ ಗೊತ್ತಾಗಲಿಲ್ಲ. ಇಂಗ್ಲೆಂಡಿನ ಕುಂಬಾರರು ಏನೇನೋ ಬೆರೆಸಿ ನೋಡಿದರು. 1800ರ ಆಸುಪಾಸಿಗೆ ಸ್ಪೋಡ್ ಎಂಬ ತಂದೆ ಮಗ ಒಂದು ಹದವನ್ನು ಗಟ್ಟಿ ಮಾಡಿದರು. ದನದ ಎಲುಬನ್ನು ಸುಟ್ಟು ಪುಡಿ ಮಾಡಿದ ಬೂದಿ ಸುಮಾರು ಅರ್ಧ ಭಾಗ. ಉಳಿದರ್ಧ ಕಾರ್ನ್‌ವಾಲ್ ಎಂಬ ಸೀಮೆಯ ಬಿಳಿ ಜೇಡಿಮಣ್ಣು ಮತ್ತು ಅಲ್ಲಿಯದೇ ಒಂದು ಬಗೆಯ ಕಲ್ಲಿನ ಪುಡಿ. ಇದನ್ನು 1200 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖದಲ್ಲಿ ಸುಟ್ಟರೆ ಮಣ್ಣು ಅರ್ಧ ಗಾಜಿನಂತಾಗುತ್ತದೆ. ಎಷ್ಟು ತೆಳುವಾಗಿ ಮಾಡಿದರೂ ಗಟ್ಟಿ. ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ. ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತ್ತು. ಕೈ ಕೆಲಸ ಹೇಗೆಂಬ ಉಳಿದರ್ಧವನ್ನು ಕಣ್ಣಿಂದಲೇ ನೋಡಬೇಕು.

ಅಡುಗೆಮನೆಯಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ನನ್ನಾಕೆ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. “ಅಯ್ಯ ಶಿವನ! ದನದ ಎಲುಬು ಅಂತೀರಿ! ಐವತ್ತು ವರ್ಷದಿಂದ ಜಗಲಿ ಮ್ಯಾಲೆ ಇಟ್ಟು ದಿನಾ ಒರಸೀನಲ್ರೀ!” ಕಪ್ಪು ಆ ದಿನವೇ ಜಗಲಿಯಿಂದ ಇಳಿದು ಕಿಟಕಿಗೆ ಹೋಯಿತು. ಮೂರನೇ ದಿನ ನೋಡಿದರೆ ಮತ್ತೆ ಜಗಲಿಯ ಮೇಲಿತ್ತು. ನಾನು ಏನೂ ಕೇಳಲಿಲ್ಲ. ಅವಳೇ ಹೇಳಿದಳು: “ಅಷ್ಟು ಬೆಂಕಿಯೊಳಗ ಹೋಗಿ ಬಂದದ್ದಕ್ಕ ಎಲ್ಲೀ ಮೈಲಿಗಿ? ಮಾವನ ಕಪ್ಪು, ಇರಲಿ ಬಿಡ್ರಿ.”

ಯಾವ ಕಾರ್ಖಾನೆಯ ಕಪ್ಪೆಂದು ತಿಳಿಯದ ಕಾರಣ ಪುಟ್ಟಿ ಎಲ್ಲ ಕಾರ್ಖಾನೆಗಳನ್ನೂ ಪಟ್ಟಿಗೆ ಸೇರಿಸಿದಳು. ನಮ್ಮ ಪುಣ್ಯಕ್ಕೆ ಅವೆಲ್ಲ ಒಂದೇ ಕಡೆ ಇವೆ. ಬರ್ಮಿಂಗ್‌ಹ್ಯಾಮ್‌ನಿಂದ ರೈಲಿನಲ್ಲಿ ಒಂದು ತಾಸಿನ ಆಸುಪಾಸಿನಲ್ಲಿ ಸ್ಟೋಕ್-ಆನ್-ಟ್ರೆಂಟ್ ಎಂಬ ಊರಿದೆ. ಟನ್‌ಸ್ಟಾಲ್, ಬರ್ಸ್‌ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಪಟ್ಟಣಗಳು 1910ರಲ್ಲಿ ಕೂಡಿ ಆದ ಊರು ಅದು. ನೆಲದಡಿ ಕಲ್ಲಿದ್ದಲು ಇತ್ತು, ಜೇಡಿಮಣ್ಣೂ ಇತ್ತು. ಹಾಗಾಗಿ ಊರಿಗೆ ಊರೇ ಕುಂಬಾರಿಕೆಗೆ ನಿಂತಿತು.

ನಮ್ಮ ಆವಿಗೆ ನಿಮಗೆ ಗೊತ್ತಿರಬಹುದು. ಗಡಿಗೆಗಳನ್ನು ಪೇರಿಸಿ, ನಡುವೆ ಕುಳ್ಳು ಕಟ್ಟಿಗೆ ಇಟ್ಟು, ಮೇಲೆ ಹುಲ್ಲು, ಬೋಕಿ, ಮಣ್ಣು ಮುಚ್ಚಿ ಸುಡುತ್ತೇವೆ. ಅವರ ಆವಿಗೆ ಇಟ್ಟಿಗೆಯದು. ನೋಡಲು ದೊಡ್ಡ ಬಾಟಲಿಯಂತೆ; ಹೆಸರೂ ‘ಬಾಟಲ್ ಅವನ್’. ಕಪ್ಪುಗಳಿಗೆ ಹೊಗೆ ತಾಗದಂತೆ ಸುಟ್ಟ ಮಣ್ಣಿನ ಪೆಟ್ಟಿಗೆಗಳಲ್ಲಿಟ್ಟು ಒಳಗೆ ಪೇರಿಸುತ್ತಿದ್ದರು. ಒಂದು ಸಲ ಸುಡಲು ಹತ್ತು ಟನ್‌ಗೂ ಹೆಚ್ಚು ಕಲ್ಲಿದ್ದಲು ಬೇಕಾಗುತ್ತಿತ್ತು. ಒಂದು ಕಾಲಕ್ಕೆ ಆ ಊರಲ್ಲಿ ಇಂಥ 2000 ಆವಿಗೆಗಳಿದ್ದವಂತೆ. 1956ರಲ್ಲಿ ಗಾಳಿ ಶುದ್ಧವಾಗಿಡುವ ಕಾನೂನು ಬಂದ ಮೇಲೆ ವಿದ್ಯುತ್ತು ಮತ್ತು ಗ್ಯಾಸಿನ ಒಲೆಗಳು ಬಂದವು. ಈಗ ಐವತ್ತಕ್ಕಿಂತ ಕಡಿಮೆ ಬಾಟಲಿಗಳು ನಿಂತಿವೆ.

ಆ ಕಾರ್ಖಾನೆಗಳ ಇನ್ನೊಂದು ಮುಖವನ್ನೂ ಮಕ್ಕಳು ತಿಳಿಯಬೇಕು. ಪುಟ್ಟಿಯ ವಯಸ್ಸಿನವರು, ಅವಳಿಗಿಂತ ಚಿಕ್ಕವರು ಅಲ್ಲಿ ದುಡಿಯುತ್ತಿದ್ದರು. ಹಸಿ ತಟ್ಟೆಯಿದ್ದ ಅಚ್ಚುಗಳನ್ನು ಹೊತ್ತು ಕೆಂಡದಂತೆ ಕಾದ ಒಣಗಿಸುವ ಕೋಣೆಗೂ ಕೆಲಸದ ಮೇಜಿಗೂ ದಿನವಿಡೀ ಓಡುವುದೇ ಹುಡುಗರ ಕೆಲಸ. 1840ರ ಹೊತ್ತಿಗೆ ಅಲ್ಲಿನ ಸರ್ಕಾರ ಇದರ ವಿಚಾರಣೆ ನಡೆಸಿ ವರದಿ ಬರೆಸಿತು. ಇದನ್ನು ಓದಿದ ದಿನ ಪುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ.

ಅವಳಿಗೆ ಇಷ್ಟವಾದವನು ಜೊಸಾಯಾ ವೆಜ್‌ವುಡ್. 1730ರಲ್ಲಿ ಬರ್ಸ್‌ಲೆಮ್‌ನ ಕುಂಬಾರರ ಮನೆಯಲ್ಲಿ ಹುಟ್ಟಿದ. ಚಿಕ್ಕಂದಿನಲ್ಲಿ ಸಿಡುಬು ಬಂದು ಬಲ ಮೊಣಕಾಲಿನ ಶಕ್ತಿ ಹೋಯಿತು. ಅಲ್ಲಿನ ತಿಗರಿಯನ್ನು ಕಾಲಿನಿಂದ ಒದ್ದು ತಿರುಗಿಸಬೇಕಿತ್ತು, ಅದು ಅವನಿಂದಾಗಲಿಲ್ಲ. ಆಗ ಅವನು ಮಣ್ಣಿನ ಹದ, ಬಣ್ಣ, ಹೊಳಪುಗಳ ಪರೀಕ್ಷೆಗೆ ಕೂತ. 1759ರಲ್ಲಿ ಸ್ವಂತ ಕೆಲಸ ಶುರು ಮಾಡಿದ. 1768ರಲ್ಲಿ ಆ ಕಾಲನ್ನೇ ಕತ್ತರಿಸಬೇಕಾಯಿತು. ಆದರೂ ಇಂಗ್ಲೆಂಡಿನ ರಾಣಿಯ ಊಟದ ಮೇಜಿನ ಮೇಲೆ ಅವನ ತಟ್ಟೆಗಳಿದ್ದವು. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಈ ಕುಂಬಾರನ ಮಗಳ ಮಗ.

ಪಟ್ಟಿ ಹೀಗಾಯಿತು. ಮೊದಲ ದಿನ ಲಾಂಗ್ಟನ್. ಬೋನ್ ಚೈನಾಕ್ಕೆ ಹೆಸರಾದ ಪಟ್ಟಣ. ಅಲ್ಲಿ ಹಳೆಯ ಆವಿಗೆಗಳನ್ನು ಉಳಿಸಿಕೊಂಡಿರುವ ಗ್ಲಾಡ್‌ಸ್ಟೋನ್ ಸಂಗ್ರಹಾಲಯವಿದೆ. ಆಮೇಲೆ ಸ್ಟೋಕ್ ಪಟ್ಟಣದಲ್ಲಿ ಸ್ಪೋಡ್‌ನ ಹಳೆಯ ಜಾಗ. 2008ರಲ್ಲಿ ಕಾರ್ಖಾನೆ ಮುಚ್ಚಿದರೂ ಹಳೆಯ ಸಾಮಾನುಗಳನ್ನು ಜೋಪಾನ ಮಾಡಿದ್ದಾರೆ. ಎರಡನೇ ದಿನ ಬರ್ಸ್‌ಲೆಮ್‌ನ ಮಿಡ್ಲ್‌ಪೋರ್ಟ್ ಕಾರ್ಖಾನೆ. ಅಲ್ಲಿ ತೆಳು ಕಾಗದದ ಮೇಲೆ ಚಿತ್ರ ಅಚ್ಚು ಹಾಕಿ, ಅದನ್ನು ಕೈಯಿಂದ ಪಾತ್ರೆಗೆ ಒತ್ತುವ ಹಳೆಯ ಪದ್ಧತಿ ಇವತ್ತಿಗೂ ನಡೆಯುತ್ತಿದೆ. ಮೂರನೇ ದಿನ ಬಾರ್ಲಾಸ್ಟನ್‌ನಲ್ಲಿ ವೆಜ್‌ವುಡ್. ಒಂದೊಂದರ ಬಾಗಿಲು ಯಾವತ್ತು ತೆರೆದಿರುತ್ತದೆ ಎಂದು ಹೊರಡುವ ಮುಂಚೆ ಫೋನ್ ಮಾಡಿ ಕೇಳುವ ಕೆಲಸ ಮಗಳದು.

ದಿನ ಗೊತ್ತು ಮಾಡುವಾಗ ಒಂದು ತಮಾಷೆಯಾಯಿತು. “ಮಣ್ಣೆತ್ತಿನ ಅಮಾಸಿ ಮುಗಿಸಿಯೇ ಹೊರಡೋದು” ಎಂದು ನನ್ನಾಕೆ ಹಟ ಹಿಡಿದಳು. ಮಗಳು, “ಅದೂ ಛಲೋನ ಆತು. ಜೂನ್ ಕೊನೀ ವಾರ, ಜುಲೈ ಮೊದಲನೇ ವಾರ ಆ ಊರಾಗ ಹಿಂದಿನಿಂದ ಬಂದ ‘ಕುಂಬಾರರ ರಜಾ’. ಕೆಲಸ ನೋಡಬೇಕಂದ್ರ ಆಮ್ಯಾಲೆ ಬರ್ರಿ, ಅದೂ ವಾರದ ದಿನದಾಗ” ಎಂದಳು. ನಮ್ಮ ಕುಂಬಾರರು ಮಣ್ಣಿನ ಎತ್ತು ಮಾಡಿ ಕೈ ಸೋಲುವ ಹೊತ್ತಿಗೆ ಅವರಿಗೆ ರಜೆ! ಜುಲೈ ನಡುವಿನ ದಿನ ಗೊತ್ತಾಯಿತು.

ಒಂದು ಸಂಜೆ ಪುಟ್ಟಿ ನೋಟ್‌ಬುಕ್ ಹಿಡಿದು ನಗುತ್ತ ಓಡಿ ಬಂದಳು. “ಅಜ್ಜಾ, ಕೇಳು! ಆ ಊರಿನ ಫುಟ್‌ಬಾಲ್ ತಂಡ ಸ್ಟೋಕ್ ಸಿಟಿ ಅದಲ್ಲ, ಅದಕ್ಕ ಮಂದಿ ಪ್ರೀತಿಲೆ ಏನಂತ ಕರೀತಾರ ಗೊತ್ತದೇನು? ‘ದ ಪಾಟರ್ಸ್’! ಕುಂಬಾರರು! ಮೈದಾನದ ತುಂಬ ಮಂದಿ ಕುಂತು ಕುಂಬಾರರು ಗೆಲ್ಲಲಿ ಅಂತ ಕೂಗ್ತಾರ ಅಜ್ಜಾ!”

ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಅರವತ್ತು ವರ್ಷದ ಹಿಂದಿನ ಒಂದು ದಿನ ಕಣ್ಣ ಮುಂದೆ ಬಂತು. ಆ ಸಂಜೆ ಅದನ್ನು ಪುಟ್ಟಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ನಾನು ರಾಯಚೂರಿಗೆ ಬಂದು ಒಂಬತ್ತನೇ ತರಗತಿ ಓದುತ್ತಿದ್ದೆ. ಜೊತೆಯ ಹುಡುಗರಿಗೆ ‘ನಮ್ಮ ಮನೆಯಲ್ಲಿ ಒಕ್ಕಲುತನ’ ಎಂದು ಹೇಳಿಕೊಂಡಿದ್ದೆ. ಬೇಸಿಗೆ ಶುರುವಾಗಿತ್ತು. ಅಪ್ಪ ಮತ್ತು ಅಣ್ಣ ಬಂಡಿ ತುಂಬ ಗಡಿಗೆ ಹೇರಿಕೊಂಡು, ಎರಡು ದಿನದ ಹಾದಿ ಸವೆಸಿ ರಾಯಚೂರಿಗೆ ಮಾರಲು ಬಂದಿದ್ದರು. ಹಾಗೇ ನನಗೆ ರೊಟ್ಟಿಯ ಗಂಟು ಕೊಡಲೆಂದು ಸಾಲೆಯ ಮುಂದಿನ ಬೇವಿನ ಮರದ ಕೆಳಗೆ ನಿಂತಿದ್ದರು. ಅಪ್ಪನ ಮೊಣಕೈ ತನಕ ಮಣ್ಣು ಒಣಗಿತ್ತು. ನನ್ನ ಗೆಳೆಯರು, “ಯಾರೋ ಅವರು?” ಎಂದರು.

“ನಮ್ಮೂರವರು” ಎಂದೆ.

ಅದು ಅಪ್ಪನಿಗೆ ಕೇಳಿಸಿತು. ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಆ ಹುಡುಗರಿಗೆ, “ಹೌದ್ರಪ್ಪಾ, ನಾವು ಇವರೂರವ್ರು. ಇವರ ಅವ್ವ ರೊಟ್ಟಿ ಕಳಿಸ್ಯಾಳ” ಎಂದು ಹೇಳಿ, ಗಂಟು ನನ್ನ ಕೈಗಿಟ್ಟು ಬಂಡಿ ಹೊಡೆಸಿಕೊಂಡು ಹೋದ. ಈ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಅಣ್ಣನೂ ಎತ್ತಲಿಲ್ಲ. ಅಪ್ಪ ತೀರಿಕೊಂಡು ನಲವತ್ತು ವರ್ಷವಾಯಿತು.

ಪುಟ್ಟಿ ನೋಟ್‌ಬುಕ್ ಮುಚ್ಚಿ ಕೇಳಿದಳು: “ದೊಡ್ಡಜ್ಜ ಈಗ್ಲೂ ಮಾನ್ವ್ಯಾಗ ಗಡಿಗಿ ಮಾಡ್ತಾನಲ್ಲ? ಅಲ್ಲಿಗೆ ಹೋಗೋದು ಬಿಟ್ಟು ಮೊದಲ ಇಂಗ್ಲೆಂಡಿಗೆ ಯಾಕ ಹೊಂಟೀದಿ?”

ನನ್ನ ಅಣ್ಣ ಮಾವನ ಮನೆಗೆ ಗಂಡುಮಕ್ಕಳಿಲ್ಲವೆಂದು ಮದುವೆಯಾದ ಮೇಲೆ ಮಾನ್ವಿಯಲ್ಲೇ ನಿಂತವನು. ರಾಯಚೂರಿನಿಂದ ಒಂದೂವರೆ ತಾಸಿನ ದಾರಿ. ಮದುವೆ, ಮುಂಜಿ, ಸಾವು ಅಂತ ಹೋಗಿ ಬರುತ್ತಿದ್ದೆನೇ ಹೊರತು ಅವನ ತಿಗರಿಯ ಮುಂದೆ ಕೂತು ಎಷ್ಟೋ ವರ್ಷಗಳಾಗಿದ್ದವು. ಪುಟ್ಟಿ ಪಟ್ಟಿಯ ಮೇಲ್ಗಡೆ ಎರಡು ಹೆಸರು ಸೇರಿಸಿದಳು: ಮಾನ್ವಿ, ದೇವದುರ್ಗ.

ಒಂದು ಭಾನುವಾರ ಮೂವರೂ ಬಸ್ಸು ಹತ್ತಿದೆವು. ಅಜ್ಜಿಗೂ ಮೊಮ್ಮಗಳಿಗೂ ಸೊನ್ನೆ ರೂಪಾಯಿಯ ಟಿಕೆಟ್, ದುಡ್ಡು ಕೊಟ್ಟವನು ನಾನೊಬ್ಬನೇ.

ಅಣ್ಣನಿಗೆ ಎಪ್ಪತ್ತೆಂಟು ವರ್ಷ. ಬೇಸಿಗೆಯ ವ್ಯಾಪಾರದ ದಿನಗಳು. ಅಂಗಳದ ತುಂಬ ಗಡಿಗೆ, ಹರವಿ, ಮದುವೆಯ ಐರಾಣಿ. ತಿಗರಿಯಲ್ಲಿ ಬಾಯಿ ಕಟ್ಟಿದ ಗಡಿಗೆಯನ್ನು ಒಳಗೊಂದು ಕಲ್ಲು ಹಿಡಿದು, ಹೊರಗೆ ಹಲಗೆಯಿಂದ ತಟ್ಟುತ್ತ ದುಂಡು ಮಾಡುತ್ತಿದ್ದ. ಪುಟ್ಟಿ ನೋಟ್‌ಬುಕ್ ತೆರೆದು ಎದುರಿಗೇ ಕೂತಳು. ಕಪ್ಪಿನ ಕಥೆಯನ್ನೆಲ್ಲ ಹೇಳಿದಳು. ಎಲುಬಿನ ಬೂದಿಯ ಮಾತು ಬಂದಾಗ ಅಣ್ಣನಿಗೆ ಆಶ್ಚರ್ಯವೇ ಆಗಲಿಲ್ಲ.

“ಬರೇ ಮಣ್ಣು ಎಲ್ಲೂ ನಿಲ್ಲಂಗಿಲ್ಲವ್ವಾ. ನಾವು ಬೂದಿ, ಲದ್ದಿ, ಉಸುಕು ಕಲಸ್ತೀವಿ. ಅವರಿಗೆ ಎಲುಬು ಹೊಂದೇದ, ಕಲಸ್ಯಾರ.”

“ಆದ್ರ ದೊಡ್ಡಜ್ಜಾ, ಅವರ ಕಪ್ಪಿನಾಗ ಒಂದು ಹನಿನೂ ಸೋರಂಗಿಲ್ಲ.”

“ನಮ್ಮ ಗಡಿಗಿ ಬೆವರಬೇಕು. ಬೆವರಿದ್ರನ ನೀರು ತಣ್ಣಗಾಗೋದು. ಅವರದು ಚಳಿ ನಾಡು, ಬಿಸಿ ಚಹಾ ಹಿಡಿಯೋ ಕಪ್ಪು ಬೇಕು. ನಮ್ಮದು ರಾಯಚೂರು ಬಿಸಲು, ತಣ್ಣೀರು ಕೊಡೋ ಗಡಿಗಿ ಬೇಕು.”

ಸಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ನೀರು ಆವಿಯಾಗುವಾಗ ಶಾಖ ಹೀರುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಇಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ.

ಊಟವಾದ ಮೇಲೆ ಅಣ್ಣ ಒಬ್ಬನೇ ಕೂತಿದ್ದಾಗ ಪಕ್ಕಕ್ಕೆ ಹೋದೆ. “ಅಣ್ಣಾ, ಆ ದಿನ ಸಾಲಿ ಮುಂದ ಬೇವಿನ ಗಿಡದ ಕೆಳಗ…” ಎಂದು ಶುರು ಮಾಡಿದೆ. ಮುಂದಕ್ಕೆ ಮಾತು ಬರಲಿಲ್ಲ.

ಅಣ್ಣ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಹಲಗೆ ಒರೆಸುತ್ತ ಹೇಳಿದ: “ನೆನಪದ. ಹೊಳ್ಳಿ ಹೋಗುವಾಗ ಹಾದಿ ತುಂಬ ಅಪ್ಪ ಒಂದ ಮಾತು ಅಂತಿದ್ದ. ‘ಹುಡುಗನ ಅಂಗಿ ಬಿಗಿ ಆಗ್ಯಾದ, ತೋಳು ಮ್ಯಾಲೆ ಹೋಗ್ಯಾವ. ಈ ಗಡಿಗಿ ರೊಕ್ಕದಾಗ ಒಂದು ಅಂಗಿ ಹೊಲಸಬೇಕು’ ಅಂತ. ಮತ್ತೇನೂ ಅನಲಿಲ್ಲ.”

ಆ ಯುಗಾದಿಗೆ ಬಂದ ಅಂಗಿ ನನಗೆ ಚೆನ್ನಾಗಿ ನೆನಪಿದೆ. ತಿಳಿ ನೀಲಿ ಬಣ್ಣ. ಎರಡು ವರ್ಷ ಹಾಕಿಕೊಂಡೆ. ಯಾವ ಗಡಿಗೆಗಳ ದುಡ್ಡು ಅದೆಂದು ಗೊತ್ತಾದದ್ದು ಈಗ. ನಾನು ಅಣ್ಣನ ಕೈ ಹಿಡಿದುಕೊಂಡೆ. ಅದು ಸಣ್ಣಗೆ ನಡುಗುತ್ತಿತ್ತು. “ಇನ್ನು ಎಷ್ಟು ದಿನ ಮಾಡ್ತೀನೋ ಗೊತ್ತಿಲ್ಲ. ಹುಡುಗರು ಬ್ಯಾರೆ ಕೆಲಸ ಹಿಡಿದ್ರು” ಎಂದ. ಅವನ ಮೊಮ್ಮಗನೊಬ್ಬನಿಗೆ ಮಾತ್ರ ಮನಸ್ಸಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಿದೆ. ಅಲ್ಲಿ ಕಲಿಯಬೇಕು, ಕರೆಂಟಿನ ತಿಗರಿ ತರಬೇಕು ಎನ್ನುತ್ತಿದ್ದಾನೆ. ಅವನ ಖರ್ಚಿನಲ್ಲಿ ನನ್ನ ಪಾಲೂ ಇರಲಿ ಎಂದೆ. ಅಣ್ಣ ಬೇಡ ಎನ್ನಲಿಲ್ಲ.

ಮರುದಿನ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ನಮ್ಮ ಹಳ್ಳಿ ತಲುಪಿದೆವು. ಮನೆ ಬಿದ್ದುಹೋಗಿದೆ. ಒಂದು ಗೋಡೆಯಲ್ಲಿ ಅಪ್ಪ ಕಪ್ಪು ಇಡುತ್ತಿದ್ದ ಗೂಡು ಉಳಿದಿದೆ. ಆವಿಗೆಯಿದ್ದ ಜಾಗದಲ್ಲಿ ಒಂದು ತಗ್ಗು, ಸುತ್ತ ಬೋಕಿಗಳ ರಾಶಿ. ನಾನು ಪುಟ್ಟಿಗೆ ಪಿಕ್ಲಿಹಾಳದ ವಿಷಯ ಹೇಳಿದೆ. ನಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಊರು ಅದು. ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸರು ಅಲ್ಲಿ ನೆಲ ಅಗೆದು, 4000 ವರ್ಷಗಳಷ್ಟು ಹಿಂದೆಯೇ ಇಲ್ಲಿ ಗಡಿಗೆ ಮಾಡುತ್ತಿದ್ದವರ ಬದುಕನ್ನು ಇಂಥ ಬೋಕಿಗಳಿಂದಲೇ ಓದಿ ತೆಗೆದರು. 1960ರಲ್ಲಿ ಅವರ ಪುಸ್ತಕ ಬಂತು. ಪುಟ್ಟಿ ರಾಶಿಯಿಂದ ಒಂದು ಬೋಕಿ ಆರಿಸಿದಳು. ಅದರ ಮೇಲೆ ಯಾರದೋ ಬೆರಳಿನ ಗೆರೆಗಳಿದ್ದವು. “ಮುತ್ತಜ್ಜನದು ಇರಬಹುದಾ?” ಎಂದಳು. ಇರಬಹುದು ಎಂದೆ.

ಈಗ ಹೊರಡುವ ದಿನ ಹತ್ತಿರವಾಗಿದೆ. ಹೈದರಾಬಾದಿಗೆ ಹೋಗಿ ವೀಸಾದ ಕೆಲಸ ಮುಗಿಸಿ ಬಂದೆವು. ಪೆಟ್ಟಿಗೆಯಲ್ಲಿ ಉಣ್ಣೆಯ ಸ್ವೆಟರಿನ ನಡುವೆ ಎರಡು ವಸ್ತು ಇಟ್ಟಿದ್ದೇನೆ. ಒಂದು, ಹುಟ್ಟಿದೂರಿಗೆ ಹೊರಟಿರುವ ಅಪ್ಪನ ಕಪ್ಪು. ಇನ್ನೊಂದು, ಅಣ್ಣ ಕೊಟ್ಟ ಸಣ್ಣ ಕುಡಿಕೆ. “ಕರೆಂಟಿಲ್ಲದ ನೀರು ತಣ್ಣಗ ಮಾಡ್ತದ ಅಂತ ಆ ಕುಂಬಾರರಿಗೆ ಹೇಳು” ಎಂದಿದ್ದಾನೆ. ಕೇಳಿ ಬರಲು ಒಂದು ಪ್ರಶ್ನೆಯನ್ನೂ ಕಳಿಸಿದ್ದಾನೆ: “ಅವರ ಆವಿಗ್ಯಾಗ ನೂರಕ್ಕ ಎಷ್ಟು ಒಡೀತಾವ?” ಪುಟ್ಟಿಯ ನೋಟ್‌ಬುಕ್ಕಿನಲ್ಲಿ ಅದು ಎರಡನೇ ಪ್ರಶ್ನೆ. ಮೊದಲನೆಯದು ಅಪ್ಪನದು. ನಾವು ಬರುವ ತನಕ ಅವಳು ಭಾನುವಾರಗಳಂದು ತನ್ನಪ್ಪನ ಜೊತೆ ಮಾನ್ವಿಗೆ ಹೋಗಿ ಗಡಿಗೆಯ ಬಾಯಿ ಕಟ್ಟುವುದನ್ನು ಕಲಿಯುತ್ತಾಳಂತೆ. ಮೊದಲ ಸಲ ಕೂತಾಗ ಮಣ್ಣು ತಿಗರಿಯಿಂದ ಹಾರಿ ಅಜ್ಜಿಯ ಸೀರೆಗೆ ಬಿತ್ತು.

ನಿಮ್ಮ ಮನೆಯಲ್ಲೂ ಹಳೆಯದೊಂದು ಕಪ್ಪೋ ಗಡಿಗೆಯೋ ಇದ್ದರೆ ಅಜ್ಜ ಅಜ್ಜಿಯರನ್ನು ಕೇಳಿ: ಯಾರು ಮಾಡಿದ್ದು, ಯಾರು ತಂದದ್ದು ಎಂದು. ಅಜ್ಜ ಅಜ್ಜಿಯರೇ, ನೀವೂ ಮರೆಮಾಚದೆ ಹೇಳಿ.

ನಿನ್ನೆ ರಾತ್ರಿ ಪುಟ್ಟಿ ಮಲಗಿದ ಮೇಲೆ ನೋಟ್‌ಬುಕ್ಕಿನ ಮೊದಲ ಪುಟ ತೆಗೆದೆ. ‘ನಿವೃತ್ತ ಶಿಕ್ಷಕರು’ ಎಂಬುದನ್ನು ಅಳಿಸಲಿಲ್ಲ. ಅದರ ಮುಂದೆ ನನ್ನ ಪೆನ್ನಿನಿಂದ ಇಷ್ಟು ಸೇರಿಸಿದೆ: ‘ದೇವದುರ್ಗ ತಾಲ್ಲೂಕಿನ ಕುಂಬಾರರ ಮಗ.’